ದೂರದ ಊರೇ ಆಗಬೇಕು

ಕಾರವಾರ ಎಂಬ ಹೆಸರು ತನ್ನ ಬಾಯಿಗೆ ಹೇಗೆ ಬಂತೋ ಗೊತ್ತಿಲ್ಲ ಎಂದು ನಾಸೀರ್ ನಾಲ್ಕು ದಿನದಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಗೊತ್ತಿತ್ತು. ಗೊತ್ತಿದ್ದುದನ್ನು ಗೊತ್ತಿಲ್ಲವೆಂದು ನಂಬುವುದೂ ಒಂದು ಕಸುಬೇ; ಅದು ಅವನಿಗಿನ್ನೂ ಪೂರ್ತಿ ಕೈಹತ್ತಿರಲಿಲ್ಲ. ಸಿಂಧನೂರಿನ ಗಂಗಾವತಿ ರಸ್ತೆಯಲ್ಲಿ ಅವನ ಸೀಟ್ ಕವರಿನ ಅಂಗಡಿ. ಏಪ್ರಿಲ್ ಬಿಸಿಲಿಗೆ ಮಾಡಿನ ತಗಡು ಕಾದು, ಒಳಗೆಲ್ಲ ರೆಕ್ಸಿನ್ನಿನ ವಾಸನೆ ಕಟ್ಟಿಕೊಂಡಿತ್ತು. ಜವಳಗೇರಾದ ವೆಂಕೋಬನ ವ್ಯಾನಿನ ಸೀಟುಗಳನ್ನು ಬಿಚ್ಚಿ ಹರವಿಕೊಂಡು ಅವನು ಹೊಸ ಕವರು ಹೊಲಿಯುತ್ತಿದ್ದ. ನಾಳೆ ಬೆಳಿಗ್ಗೆ ಇದೇ ವ್ಯಾನಿನಲ್ಲಿ ಹೆಂಡತಿ ನಿಶಾತ್, ಮಗಳು ಶಾಜಿಯಾ, ಚಿಕ್ಕವನು ಪರ್ವೇಜ್, ತಾನು ಕಾರವಾರಕ್ಕೆ ಹೊರಡುವುದು. ತಾಯಿ ಬಿಬಿಜಾನ್ ಬರುವುದಿಲ್ಲ. ಬರುವುದಿಲ್ಲ ಎಂಬ ಮಾತನ್ನು ಮನೆಯಲ್ಲಿ ಈಗ ಎಲ್ಲರೂ, ಬಿಸಿಲು ಜಾಸ್ತಿ ಎನ್ನುವಷ್ಟು ಸಲೀಸಾಗಿ ಆಡುತ್ತಾರೆ. ಬರದಂತೆ ಮಾಡಿದವನು ಮಾತ್ರ ಮಶಿನ್ನಿನ ಸೂಜಿಯ ಮೇಲೆ ಕಣ್ಣು ನೆಟ್ಟು ಕೂತಿದ್ದ. ಹೊಲಿಗೆ ಎಲ್ಲೋ ಒಂದು ಕಡೆ ದಾರ ಬಿಟ್ಟು ಮುಂದೆ ಹೋಗಿತ್ತು. ಬಿಚ್ಚಿ ಮತ್ತೆ ಹೊಲಿದ. ಅದೇ ಕಡೆ ಮತ್ತೆ ಬಿಟ್ಟಿತು.

ಮಕ್ಕಳ ಪರೀಕ್ಷೆ ಮುಗಿದ ಶುಕ್ರವಾರ, ಊಟವಾದ ಮೇಲೆ ಆ ಮಾತು ಎದ್ದಿತ್ತು. ಬೇಸಿಗೆ ರಜೆಗೆ ಈ ಸಲ ಎಲ್ಲಿಗಾದರೂ ಹೋಗಲೇಬೇಕು ಎಂದು ಶಾಜಿಯಾ ತಿಂಗಳಿಂದ ಹಟ ಹಿಡಿದಿದ್ದಳು. ಶಾಲೆ ತೆರೆದ ಕೂಡಲೇ ಎಲ್ಲಿಗೆ ಹೋಗಿದ್ದಿರಿ ಎಂದು ಟೀಚರು ಒಬ್ಬೊಬ್ಬರನ್ನೇ ನಿಲ್ಲಿಸಿ ಕೇಳುತ್ತಾರಂತೆ. ಹೋದ ವರ್ಷ ಇವಳು ದಢೇಸುಗೂರು ಎಂದಾಗ ಇಡೀ ತರಗತಿ ನಕ್ಕಿತ್ತಂತೆ. "ಬಿಜಾಪುರಕ್ಕ ಹೋಗೂಣು ಅಬ್ಬಾ," ಎಂದಳು. "ಗೋಳಗುಮ್ಮಟದಾಗ ಒಮ್ಮೆ ಒದರಿದ್ರ ಏಳು ಸಲ ಕೇಳಿಸ್ತದಂತ. ದಾದಿನ್ನೂ ಕರ್ಕೊಂಡು ಹೋಗಿ, ಆಕಿ ಕಡೆನೂ ಒದರಸೂಣು." ದಾದಿ, ಅಂದರೆ ಬಿಬಿಜಾನ್, ಬಾಗಿಲ ಹತ್ತಿರ ಕಾಲು ಚಾಚಿ ಕೂತವಳು, "ಹುಚ್ಚಿ, ನಾ ಒದರಿದ್ರ ಗುಮ್ಮಟ ಉಳೀತದೇನ?" ಎಂದು ನಕ್ಕಿದ್ದಳು. ಎಲ್ಲಾದರೂ ಸರಿ, ಒಂದಿಷ್ಟು ತಂಪು ಇರಲಿ ಎಂದಳು ನಿಶಾತ್. ಬಿಜಾಪುರವೆಂದರೆ ಅರ್ಧ ದಿನದ ಹಾದಿ. ತಾಯಿ ಬಂದೇ ಬರುತ್ತಾಳೆ. ಹಂಪಿ ಎಂದರೂ ಬರುತ್ತಾಳೆ, ಡ್ಯಾಮ್ ಎಂದರೂ ಬರುತ್ತಾಳೆ. ನಾಸೀರನ ತಲೆ ಅಷ್ಟರಲ್ಲಾಗಲೇ ಊರುಗಳನ್ನು ದೂರದ ಲೆಕ್ಕದಲ್ಲಿ ಜೋಡಿಸತೊಡಗಿತ್ತು: ಯಾವ ಊರಿನ ಹೆಸರು ಕೇಳಿದರೆ ಮೊಳಕಾಲು ಹಿಡಿದುಕೊಂಡು ತಾಯಿಯೇ "ನನ್ನ ಕೈಲಿ ಆಗೂದಿಲ್ಲಪಾ, ನೀವು ಹೋಗಿ ಬರ್ರಿ" ಎನ್ನುತ್ತಾಳೋ ಆ ಊರು ಬೇಕಾಗಿತ್ತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬ ಗಾದೆ ಮನಸ್ಸಿನಲ್ಲಿ ಸುಳಿದು ಹೋಗಿ, ಈ ಗಾದೆಯಲ್ಲಿ ಹಾವು ಯಾರು ಎಂದು ಹೊಳೆದಾಗ ಫ್ಯಾನಿನ ಕೆಳಗೇ ಬೆವತಿದ್ದ. ಆದರೂ ಬಾಯಿ ನಿಲ್ಲಲಿಲ್ಲ. "ಬಿಜಾಪುರದಾಗ ಏನೈತಿ? ಇಲ್ಲಿ ಬಿಸಿಲು ಬಿಟ್ಟು ಅಲ್ಲಿ ಬಿಸಿಲು ನೋಡಾಕ ಹೋಗೋದೇನು? ಕಾರವಾರಕ್ಕ ಹೋಗೂಣು. ಸಮುದ್ರ."

ಪರ್ವೇಜ್ ಎದ್ದು ಕುಣಿದ. ಶಾಜಿಯಾ ಬಿಜಾಪುರವನ್ನು ಅಲ್ಲಿಯೇ ಮರೆತಳು. ಎಲ್ಲರ ಗಲಾಟೆ ತಗ್ಗಿದ ಮೇಲೆ ಬಾಗಿಲ ಕಡೆಯಿಂದ ತಾಯಿಯ ದನಿ ಬಂತು. "ಸಮುದ್ರನಾ? ಕಾಲುವೆ ನೋಡೀನಿ, ಡ್ಯಾಮ್ ನೋಡೀನಿ. ಆಚಿ ದಂಡಿ ಕಾಣಲಾರದಷ್ಟು ನೀರು ನೋಡಿಲ್ಲಪಾ ನಾ. ಬರ್ತೀನಿ." ದಢೇಸುಗೂರಿನ ಭತ್ತದ ಗದ್ದೆಗಳ ನಡುವೆ ಹುಟ್ಟಿ, ಮನೆಯವರೆಲ್ಲ ದಖ್ಖನಿ ಮಾತಾಡಿದರೂ ತಾನು ಕನ್ನಡ ಬಿಡದ ಹೆಂಗಸು ಅವಳು. ಆಸೆಯನ್ನು ಅಷ್ಟು ನೇರವಾಗಿ ಹೇಳಿದ್ದನ್ನು ನಾಸೀರ್ ಈ ನಲವತ್ತು ವರ್ಷದಲ್ಲಿ ಕೇಳಿರಲಿಲ್ಲ. "ದೂರ ಆಗ್ತದಮ್ಮ, ಇಡೀ ದಿನ ಕೂಡಬೇಕು," ಎಂದ. "ಕೂಡೋದಷ್ಟ ಅಲ್ಲೇನು? ನಡಿಯೋದೇನಿಲ್ಲಲ್ಲ?" ಎಂದಳು. ಮಕ್ಕಳು ಹೋ ಎಂದವು. ಅವನೂ ನಗುವಂತೆ ಮುಖ ಮಾಡಿದ. ಕೂಡುವುದೇ ಅಲ್ಲವೇ ಕಷ್ಟ ಎಂದು ಒಳಗೆ ಏನೋ ಹಲ್ಲು ಕಡಿಯಿತು.

ಈಗ ವೆಂಕೋಬನ ವ್ಯಾನಿನ ಹಿಂದಿನ ಸೀಟಿನ ಸ್ಪಂಜನ್ನು ಎತ್ತಿ ನಿಲ್ಲಿಸಿದಾಗ ಮೂಗು ತಾನಾಗಿಯೇ ಅದರ ಹತ್ತಿರ ಹೋಯಿತು. ಧೂಳಿನ ವಾಸನೆ, ಅಷ್ಟೇ. ಎರಡು ವರ್ಷದ ಹಿಂದೆ ಬೇರೊಂದು ಸ್ಪಂಜನ್ನು ಇದೇ ಜಾಗದಲ್ಲಿ ಬಿಸಿಲಿಗೆ ನಿಲ್ಲಿಸಿದ್ದ. ಮುದಗಲ್ಲಿನಲ್ಲಿ ಮದುವೆ ಮುಗಿಸಿಕೊಂಡು ನಿಶಾತಳ ಅಣ್ಣ, ಲಿಂಗಸುಗೂರಿನ ಹಫೀಜನ ಹೊಸ ಕಾರಿನಲ್ಲಿ ಎಲ್ಲರೂ ವಾಪಸು ಬರುತ್ತಿದ್ದರು. ನಾಸೀರ್ ಮುಂದೆ, ಹಫೀಜನ ಪಕ್ಕದಲ್ಲಿ. ಮಸ್ಕಿ ದಾಟಿತ್ತು. ಸುಗ್ಗಿಯ ಕಾಲ; ರಸ್ತೆಯ ಎರಡೂ ಅಂಚಿಗೆ ಭತ್ತ ಹರವಿ ಒಣಗಿಸುತ್ತಿದ್ದರು, ಮಾರು ಮಾರಿಗೆ ಮಂದಿ ಕೂತಿದ್ದರು, ಒಂದು ಜಾಲಿ ಗಿಡದ ಮರೆಯೂ ಇರಲಿಲ್ಲ. ಹಿಂದಿನಿಂದ ತಾಯಿ ಸಣ್ಣಗೆ, "ನಾಸೀರಾ, ಒಂದೀಟು ನಿಲ್ಲಿಸ್ತೀರೇನಪಾ," ಎಂದಳು. ಹಫೀಜ್ ಕಾರು ಲೀಟರಿಗೆ ಎಷ್ಟು ಓಡುತ್ತದೆಂದು ಹೇಳುತ್ತಿದ್ದ. ಅವನಿಗೆ ಕೇಳಿಸಲಿಲ್ಲ. ನಾಸೀರನಿಗೆ ಕೇಳಿಸಿತ್ತು. ಗುತ್ತಿಗೆ ಕೆಲಸದಲ್ಲಿ ಮೇಲೆ ಬಂದ ಭಾವನೆಂಟನ ಮುಂದೆ, ನನ್ನ ತಾಯಿಗೆ ಒಂದಕ್ಕೆ ಹೋಗಬೇಕಂತೆ, ಮಂದಿ ಇಲ್ಲದ ಕಡೆ ನಿಲ್ಲಿಸು ಎಂದು ಹೇಳುವುದಕ್ಕೆ ಬಾಯಿ ಬರಲಿಲ್ಲ. ಸಿಂಧನೂರು ಇನ್ನೇನು ಬಂತು ಎಂದುಕೊಂಡ. ತಾಯಿ ಮತ್ತೊಮ್ಮೆ ಕೇಳುತ್ತಾಳೆ, ಆಗ ಹೇಳಿದರಾಯಿತು ಎಂದುಕೊಂಡ. ಅವಳು ಮತ್ತೆ ಕೇಳಲೇ ಇಲ್ಲ. ಮನೆ ಮುಂದೆ ಕಾರು ನಿಂತಾಗ, "ನೀವೆಲ್ಲ ಇಳೀರಿ, ನಾ ಆಮ್ಯಾಲ ಇಳೀತೀನಿ," ಎಂದು ಕೂತೇ ಇದ್ದಳು, ಸೆರಗನ್ನು ತೊಡೆಯ ಮೇಲೆ ಎರಡೂ ಕೈಯಿಂದ ಒತ್ತಿ ಹಿಡಿದು.

ಹಫೀಜ್ ಕೆಟ್ಟವನಲ್ಲ. ಅದೇ ಕಷ್ಟವಾಗಿತ್ತು. ನಗುತ್ತಲೇ, "ಇರ್ಲಿ ಬಿಡ್ರಿ ಭಾಯಿಸಾಬ್, ವಯಸ್ಸಾದೋರು. ನಿಮ್ಮದ ಕಸುಬಲ್ಲೇನ್ರಿ, ಕವರು ಬದಲಿಸಿ ಕಳಿಸ್ರಿ," ಎಂದಿದ್ದ. ಮರುದಿನ ನಾಸೀರ್ ಆ ಸೀಟನ್ನು ಅಂಗಡಿಗೆ ತಂದು ಸ್ಪಂಜು ತೊಳೆದು, ಬಿಸಿಲಿಗಿಟ್ಟು, ಅಂಗಡಿಯಲ್ಲಿದ್ದುದರಲ್ಲೇ ಒಳ್ಳೆಯ ರೆಕ್ಸಿನ್ ಹಾಕಿ ಹೊಲಿದುಕೊಟ್ಟ. ಹೊಲಿಯುವಾಗ ಸಿಟ್ಟು ಬಂದಿತ್ತು. ತನ್ನ ಮೇಲಲ್ಲ, ತಾಯಿಯ ಮೇಲೆ. ಆ ಸಿಟ್ಟು ಈಗಲೂ ನೆನಪಿದೆ, ಅದರ ಬಿಸಿ ಕೂಡ. ಆಮೇಲೆ ಬಿಬಿಜಾನ್ ಯಾರ ಗಾಡಿಯನ್ನೂ ಹತ್ತಲಿಲ್ಲ. ತವರಿಗೆ ಹೋದರೆ ಬಸ್ಸು, ಮಸೀದಿಯ ಹಿಂದಿನ ದವಾಖಾನೆಗೆ ಹೋದರೆ ಕಾಲ್ನಡಿಗೆ. ಅದರ ಬಗ್ಗೆ ಅವಳು ಒಂದು ದಿನವೂ ಮಾತೆತ್ತಲಿಲ್ಲ, ಇವನೂ ಎತ್ತಲಿಲ್ಲ. ಮಾತಾಡದ್ದರಿಂದ ಮರೆತಿದ್ದಾಳೆ ಎಂದು ಇವನು ಇಟ್ಟುಕೊಂಡಿದ್ದ.

ಮರೆತಿರಲಿಲ್ಲ. ಶನಿವಾರ ಮಧ್ಯಾಹ್ನ ಅವಳು ಅಂಗಡಿಗೇ ಬಂದಳು. ತಲೆಯ ಮೇಲೆ ಸೆರಗು, ಬಿಸಿಲಿಗೆ ಕೆಂಪೇರಿದ ಮುಖ. ಟ್ರಾಕ್ಟರಿನ ಸೀಟು ರಿಪೇರಿಗೆ ತಂದಿದ್ದ ಅಮೀನ್‌ಸಾಬ್ ಬೆಂಚಿನ ಮೇಲೆ ಚಹಾ ಕುಡಿಯುತ್ತಿದ್ದ. ಅವನಿಗೆ ಸಲಾಂ ಹೇಳಿ, ಮಗನ ಹತ್ತಿರ ಬಂದು, "ಒಂದು ರೆಕ್ಸಿನ್ ತುಂಡು ಕೊಡಪಾ. ಇಷ್ಟಿದ್ರ ಸಾಕು," ಎಂದು ಎರಡೂ ಕೈ ಅಗಲಿಸಿ ತೋರಿಸಿದಳು. ಯಾಕೆ ಎಂದು ಕೇಳಬಾರದಿತ್ತು. ಕೇಳಿದ. "ಕೂಡಾಕ," ಎಂದಳು, ದನಿ ತಗ್ಗಿಸಿ. "ಗಾಡಿಯಾಗ ಕೆಳಗ ಹಾಸ್ಕೊಂತೀನಿ. ಮಂದೀ ಗಾಡಿ." ಆ ಕ್ಷಣ ನಾಸೀರನಿಗೆ ಮೈಯೆಲ್ಲ ಬೆತ್ತಲಾದಂತಾಯಿತು. ಎರಡು ವರ್ಷ ಮುಚ್ಚಿಟ್ಟಿದ್ದನ್ನು ಅವಳು ಇಷ್ಟು ಸಾದಾ ಮಾತಿನಲ್ಲಿ, ಉಪ್ಪಿನಕಾಯಿಗೆ ಭರಣಿ ಕೇಳಿದಂತೆ ಕೇಳುತ್ತಿದ್ದಾಳೆ. ತುಂಡು ಕೊಟ್ಟರೆ ಅವಳು ಬರುವುದು ಖಚಿತ. ಕೊಟ್ಟರೆ, ನನಗೂ ಆ ದಿನ ಗೊತ್ತಿದೆಯಮ್ಮ ಎಂದು ಒಪ್ಪಿಕೊಂಡ ಹಾಗೆ. "ಇಲ್ಲಮ್ಮ, ತುಂಡು ಯಾವೂ ಉಳಿದಿಲ್ಲ," ಎಂದ. ಅವನ ಬೆನ್ನ ಹಿಂದೆಯೇ ತುಂಡುಗಳ ರಾಶಿ ಸೊಂಟದವರೆಗೆ ಬಿದ್ದಿತ್ತು. ತಾಯಿ ಆ ರಾಶಿಯನ್ನು ನೋಡಿದಳು, ಅವನನ್ನು ನೋಡಿದಳು. "ಹಂಗಾರ ಇರ್ಲಿ ಬಿಡು," ಎಂದು ಹೊರಟಳು. ಅಮೀನ್‌ಸಾಬ್ ಬಸಿಯಲ್ಲಿ ಉಳಿದ ಚಹಾ ಹೀರಿ, "ಅಲ್ಲೋ ನಾಸೀರ್, ಅಷ್ಟು ಬಿದ್ದಾವಲ್ಲೋ?" ಎಂದ. "ಅವು ಗಿರಾಕಿಗಳವು," ಎಂದು ಇನ್ನೊಂದು ಸುಳ್ಳು ಹೇಳಿದ. ಮೊದಲನೆಯ ಸುಳ್ಳಿಗೆ ಉಗುಳು ನುಂಗಬೇಕಾಯಿತು, ಎರಡನೆಯದಕ್ಕೆ ಅದೂ ಬೇಕಾಗಲಿಲ್ಲ.

ಮೂರನೆಯದು ಅದೇ ಸಂಜೆ. ಮನೆಗೆ ಹೋದಾಗ ತಾಯಿ ಅಂಗಳದಲ್ಲಿ ಹಳೆಯ ಸೀರೆಯೊಂದನ್ನೂ ತೊಳೆದ ಯೂರಿಯಾ ಚೀಲವೊಂದನ್ನೂ ಮುಂದೆ ಹರವಿಕೊಂಡಿದ್ದಳು. ಶಾಜಿಯಾ ಸೂಜಿಗೆ ದಾರ ಪೋಣಿಸುತ್ತಿದ್ದಳು. ಹಪ್ಪಳ ಒಣಗಿಸುವುದಕ್ಕೆ ಏನೋ ಇರಬೇಕೆಂದು ಅದರ ಕಡೆ ಹೆಚ್ಚು ನೋಡದೆ, ಚಪ್ಪಲಿ ಬಿಡುತ್ತಲೇ ಹೇಳಿಬಿಟ್ಟ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತು, ಒಳಗೆ ಹೋದರೆ ಎಲ್ಲಿ ಉಳಿದುಬಿಡುತ್ತದೋ ಎಂಬ ಅವಸರ. "ಅಮ್ಮಾ, ಡಾಕ್ಟರು ನಿನಗ ದೂರದ ಹಾದಿ ಬ್ಯಾಡ ಅಂದಾರ. ಹೋದ ತಿಂಗಳು ಬಿ.ಪಿ. ನೋಡಿದಾಗ ನನ್ನನ್ನ ಬ್ಯಾರೆ ಕರದು ಹೇಳ್ಯಾರ. ನಿನ್ನ ಮುಂದ ಹ್ಯಾಂಗ ಹೇಳೋದಂತ ಸುಮ್ನಿದ್ದೆ." ಡಾಕ್ಟರು ಬೇರೆ ಕರೆದದ್ದು ನಿಜ. ಕರೆದು, "ಅಜ್ಜಿ ಗಟ್ಟಿ ಅದಾರ, ಮನೀಯಾಗ ಕೂಡಿಸಬ್ಯಾಡ್ರಿ, ಅಡ್ಡಾಡಸ್ರಿ," ಎಂದಿದ್ದರು. ತಾಯಿ ಸೂಜಿಯನ್ನು ಬಟ್ಟೆಗೆ ಚುಚ್ಚಿ ನಿಲ್ಲಿಸಿ, "ಹಂಗಂದ್ರಾ?" ಎಂದಳು. ಚೀಲದ ಅಂಚನ್ನು ಸೀರೆಗೆ ಸರಿಹೊಂದಿಸುತ್ತ, "ಡಾಕ್ಟರು ಅಂದ್ಮ್ಯಾಲ ಏನೈತಿ," ಎಂದಳು. ನಿಶಾತ್ ಅಡಿಗೆ ಮನೆಯಿಂದ ಓಡಿ ಬಂದಿದ್ದಳು. "ಹಂಗಾದ್ರ ಕಾರವಾರ ಬ್ಯಾಡ ಬಿಡ್ರಿ. ಅಮ್ಮನ್ನ ಬಿಟ್ಟು ಹ್ಯಾಂಗ ಹೋಗೋದು? ಬಿಜಾಪುರಕ್ಕ ಹೋಗೂಣು, ಹತ್ತಿರ ಐತಿ." ಬಾಗಿಲು ಮತ್ತೆ ತೆರೆದಿತ್ತು, ಹೂಂ ಎಂದಿದ್ದರೆ ಸಾಕಿತ್ತು. ಅವನು ರೇಗಿದ. ಮಕ್ಕಳಿಗೆ ಮಾತು ಕೊಟ್ಟಾಗಿದೆ, ವೆಂಕೋಬನಿಗೆ ಹೇಳಿಯಾಗಿದೆ, ನಿಮಗೆಲ್ಲ ನನ್ನ ಮಾತೆಂದರೆ ಆಟವಾಗಿದೆ ಎಂದು ಕೂಗಾಡಿದ. ತಾಯಿಯೇ ನಡುವೆ ಬಂದು, "ಹೋಗ್ಲಿ ಬಿಡವ್ವಾ ನಿಶಾತ್, ಹುಡುಗ್ರು ಆಸೆ ಮಾಡ್ಯಾವ. ನನ್ನ ಕೂಡ ಗ್ಯಾನಮ್ಮ ಬಂದು ಮಲಗ್ತಾಳ," ಎಂದು ಸೊಸೆಯನ್ನು ಸಮಾಧಾನ ಮಾಡಿದಳು. ಗ್ಯಾನಮ್ಮ ಪಕ್ಕದ ಮನೆಯವಳು. ತನ್ನ ಸುಳ್ಳಿನ ಗಾಡಿಯನ್ನು ತಾಯಿಯೇ ಹಿಂದಿನಿಂದ ನೂಕಿಕೊಟ್ಟಂತಾಗಿ ನಾಸೀರ್ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡ. ಎಷ್ಟು ತೊಳೆದರೂ ಮುಖ ಬಿಸಿಯೇ ಇತ್ತು.

ಇವತ್ತು ಮಧ್ಯಾಹ್ನದ ನಮಾಜು ಮುಗಿಸಿ ಅಂಗಡಿಗೆ ಮರಳುವಾಗ ಅವನ ಕಾಲು ದವಾಖಾನೆಯ ಓಣಿಗೆ ತಿರುಗಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ. ತಾಯಿ ಎಲ್ಲಾದರೂ ಡಾಕ್ಟರನ್ನೇ ಹೋಗಿ ಕೇಳಿಬಿಟ್ಟರೆ ಎಂಬ ಹೆದರಿಕೆ ಭಾನುವಾರದಿಂದ ಇತ್ತು. ಮೊದಲೇ ಹೋಗಿ ಅವರ ಕಿವಿಯಲ್ಲಿ ಒಂದು ಮಾತು ಹಾಕಬೇಕು ಎಂದುಕೊಂಡಿದ್ದ. ಏನೆಂದು? ಸಾಹೇಬರೇ, ನನ್ನ ತಾಯಿ ಬಂದರೆ ಹೋಗಬೇಡ ಎಂದು ಹೇಳಿ ಎಂದೇ? ಶಟರು ಇಳಿದಿತ್ತು. ಮುಂದಿನ ಸೋಮವಾರದವರೆಗೆ ಡಾಕ್ಟರು ಇರುವುದಿಲ್ಲವೆಂದು ರಟ್ಟಿನ ಮೇಲೆ ಬರೆದು ನೇತುಹಾಕಿದ್ದರು. ಎದುರಿನ ಚಹಾದಂಗಡಿಯವನು ತಾನಾಗಿಯೇ, "ಭಾನುವಾರ ಮುಂಜಾನೆನ ಹೋಗ್ಯಾರ್ರೀ, ಊಟಿಗೆ. ಹೆಂಡ್ತಿ, ಮಕ್ಕಳು, ಅವರವ್ವ, ಮನೀ ಮಂದಿ ಎಲ್ಲಾ," ಎಂದ. ನಾಸೀರನಿಗೆ ಮೊದಲು ಆದದ್ದು ಖುಷಿ. ಕಾಲು ಹಗುರಾಗಿ, ಒಂದು ಚಹಾ ಕುಡಿದರೆ ಹೇಗೆ ಎನಿಸುವಂಥ ಖುಷಿ. ಡಾಕ್ಟರಿಲ್ಲ, ಇನ್ನು ಯಾರೂ ಕೇಳುವ ಹಾಗಿಲ್ಲ. ಆಮೇಲೆ 'ಅವರವ್ವ' ಎಂಬ ಮಾತು ಮೆಲ್ಲಗೆ ಒಳಗಿಳಿಯಿತು. ಆ ಅಜ್ಜಿಯನ್ನು ಅವನು ನೋಡಿದ್ದ. ಕೋಲು ಹಿಡಿದು, ಎರಡು ಹೆಜ್ಜೆಗೊಮ್ಮೆ ನಿಂತು ನಡೆಯುವಾಕೆ. ಚಹಾ ಬೇಡವೆಂದು ಕೈಯಾಡಿಸಿ ಅಂಗಡಿಗೆ ಬಂದು ಉಳಿದ ಕವರನ್ನು ಎಳೆದು ಕಟ್ಟಿ, ಸೀಟುಗಳನ್ನು ವ್ಯಾನಿಗೆ ಕೂಡಿಸಿದ. ಕೆಲಸ ಚೆನ್ನಾಗಿಯೇ ಆಗಿತ್ತು. ಕೂತು ನೋಡಿದ. ಹಿಂದಿನ ಸೀಟಿನ ಕಿಟಕಿ ಪಕ್ಕದ ಜಾಗ ಮೆತ್ತಗಿತ್ತು, ಕಾಲು ಚಾಚಲು ಬರುತ್ತಿತ್ತು. ಒಬ್ಬರು ಆರಾಮವಾಗಿ ಕೂಡಬಹುದಿತ್ತು.

ಸಂಜೆ ಮನೆಯಲ್ಲಿ ಪೆಟ್ಟಿಗೆ, ಚೀಲ, ಬುತ್ತಿಯ ಗದ್ದಲ. ನಿಶಾತ್ ಹುಣಸೆ ಹಚ್ಚಿದ ಅನ್ನಕ್ಕೆ ಒಗ್ಗರಣೆ ಹಾಕುತ್ತಿದ್ದಳು. ತಾಯಿ ತನ್ನ ಮೂಲೆಯಲ್ಲಿ ಕೂತು ಇಮಾಮ್ ಜಾಮಿನ್ ಹೊಲಿಯುತ್ತಿದ್ದಳು. ಹಸಿರು ಬಟ್ಟೆಯ ಪಟ್ಟಿ, ನಡುವೆ ಒಂದು ನಾಣ್ಯ ಇಟ್ಟು ಮಡಿಚಿ ಹೊಲಿದದ್ದು. ದೂರ ಹೋಗುವವರ ಬಲತೋಳಿಗೆ ಮನೆಯ ಹಿರಿಯ ಹೆಂಗಸು ಅದನ್ನು ಕಟ್ಟಿ ಕಳಿಸಬೇಕು. ಹೋದವರು ಸುಖವಾಗಿ ಊರು ಮುಟ್ಟಿದ ಮೇಲೆ ಬಿಚ್ಚಿ, ಆ ನಾಣ್ಯವನ್ನು ಅಲ್ಲಿಯ ಬಡವರ ಕೈಗೆ ಹಾಕಬೇಕು. ಈಗ ಯಾರೂ ಅಷ್ಟಾಗಿ ಕಟ್ಟುವುದಿಲ್ಲ. ಬಿಬಿಜಾನ್ ಮಾತ್ರ ಪರೀಕ್ಷೆಗೆ ರಾಯಚೂರಿಗೆ ಹೋಗುವ ಹುಡುಗರಿಗೂ ಕರೆದು ಕಟ್ಟುತ್ತಾಳೆ. ಮುಗಿದ ಪಟ್ಟಿಗಳನ್ನು ಅವಳು ಮೊಳಕಾಲ ಮೇಲೆ ಸಾಲಾಗಿ ಹಾಕಿಕೊಂಡಿದ್ದಳು. ನಾಸೀರ್ ಬೇಡವೆಂದರೂ ಎಣಿಸಿದ. ನಿಶಾತ್, ಶಾಜಿಯಾ, ಪರ್ವೇಜ್, ತಾನು. ಐದನೆಯದು ಅವಳ ಕೈಯಲ್ಲಿತ್ತು. "ಎಷ್ಟು ಮಾಡಿಯಮ್ಮಾ?" ಎಂದು, ಏನೂ ಅಲ್ಲದವನಂತೆ ಕೇಳಿದ. "ಎಷ್ಟು ಬೇಕೋ ಅಷ್ಟು," ಎಂದು ಅವಳು ಹಲ್ಲಿನಿಂದ ದಾರ ಕಡಿದಳು.

ಹಾಗಾದರೆ ಬರುತ್ತಾಳೆ. ಬೆಳಿಗ್ಗೆ ಎಲ್ಲರಿಗೂ ಕಟ್ಟಿ, ಕೊನೆಯದನ್ನು ತನ್ನ ತೋಳಿಗೆ ಕಟ್ಟಿಕೊಂಡು, ಏನಾದರಾಗಲಿ ಬರ್ತೀನಿ ಎಂದು ವ್ಯಾನು ಹತ್ತುತ್ತಾಳೆ. ಹತ್ತಲಿ. ಹತ್ತಿದರೆ ತಾನು ಬೇಡ ಎನ್ನುವುದಿಲ್ಲ. ಹಾಸಿಗೆಯಲ್ಲಿ ಹೊರಳುತ್ತ ಅವನು ತನ್ನೊಡನೆ ತಾನೇ ಕರಾರು ಮಾಡಿಕೊಂಡ: ಅವಳು ತನಗೆ ಕಟ್ಟಿಕೊಂಡರೆ ಕೈಹಿಡಿದು ಹತ್ತಿಸಿ, ಕಿಟಕಿಯ ಪಕ್ಕದಲ್ಲೇ ಕೂರಿಸಿ, ತಾಸಿಗೊಮ್ಮೆ ತಾನೇ ಗಾಡಿ ನಿಲ್ಲಿಸುತ್ತೇನೆ. ಈ ಕರಾರಿನಿಂದ ಮನಸ್ಸು ಎಷ್ಟು ತಂಪಾಯಿತೆಂದರೆ ತಾನು ಒಳ್ಳೆಯವನೇ ಎನಿಸಿತು. ಎದ್ದು ಹೋಗಿ ಈಗಲೇ, ಡಾಕ್ಟರು ಹಾಗೆ ಅಂದಿಲ್ಲಮ್ಮ ಎಂದು ಹೇಳಿದರೆ ಮುಗಿಯುತ್ತಿತ್ತು. ಗೋಡೆಯ ಆಚೆಯೇ ಅವಳು ಮಲಗಿದ್ದಾಳೆ. ಆದರೆ ಆ ಕೆಲಸವನ್ನೂ ಅವಳೇ ಮಾಡಲಿ ಎಂದು ಬಿಟ್ಟ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಂತೆ, ಇವನು ಕಣ್ಣು ಮುಚ್ಚಿ ನಿದ್ದೆ ಮಾಡಿದ.

ಬೆಳಕು ಹರಿಯುವ ಹೊತ್ತಿಗೆ ವೆಂಕೋಬ ವ್ಯಾನು ತಂದು ನಿಲ್ಲಿಸಿದ. ಗ್ಯಾನಮ್ಮ ಕಸಬರಿಗೆ ಕೈಯಲ್ಲಿ ಹಿಡಿದೇ ನೋಡಲು ಬಂದಳು. ಬಿಬಿಜಾನ್ ಬಾಗಿಲಲ್ಲಿ ನಿಂತು, ಬಿಸ್ಮಿಲ್ಲಾ ಎಂದು ಒಬ್ಬೊಬ್ಬರನ್ನೇ ಕರೆದು ಕಟ್ಟತೊಡಗಿದಳು. ಪರ್ವೇಜ್‌ಗೆ, ಶಾಜಿಯಾಗೆ, ನಿಶಾತ್‌ಗೆ. "ಇದು ಕಟ್ಟಿದ ಮ್ಯಾಲ ಊರು ಮುಟ್ಟೋತನ ಹಿಂದ ತಿರಗಬಾರದು, ಏನಾರ ಮರತಿದ್ರ ಈಗ ತಗೋರಿ," ಎಂದಳು. ನಾಸೀರ್ ಬೇಕೆಂದೇ ಹಿಂದೆ ನಿಂತ. ಕೈಯಲ್ಲಿ ಎರಡು ಪಟ್ಟಿ ಉಳಿದಿದ್ದವು. ಅವಳು ಅವನನ್ನು ಕರೆಯಲಿಲ್ಲ. ಮೆಟ್ಟಿಲಿಳಿದು ವ್ಯಾನಿನ ಹತ್ತಿರ ಹೋಗಿ, "ಯಪ್ಪಾ ವೆಂಕೋಬ, ತೋಳು ಚಾಚು," ಎಂದಳು. ವೆಂಕೋಬ ನಾಚಿ, "ನನಗ್ಯಾಕಬೇ ಅಮ್ಮಾ," ಎಂದ. "ನೀನೂ ಹೊಂಟೀಯಲ್ಲ? ನಿನ್ನ ಕೈಯಾಗ ನನ್ನ ಮನಿ ಐತಿ ಇವತ್ತ," ಎಂದು ಐದನೆಯ ಪಟ್ಟಿಯನ್ನು ಅವನ ಅಂಗಿಯ ತೋಳಿನ ಮೇಲೆ ಬಿಗಿದಳು.

ಉಳಿದದ್ದು ಒಂದು. ಅದು ತನ್ನದೇ. ನಾಸೀರ್ ತೋಳು ಮುಂದೆ ಚಾಚಿದ. ಅವಳ ಬೆರಳು ಅವನ ತೋಳಿನ ಸುತ್ತ ಪಟ್ಟಿ ಸುತ್ತುತ್ತಿದ್ದಾಗ ಗ್ಯಾನಮ್ಮ ಕೇಳಿಯೇಬಿಟ್ಟಳು. "ಅಲ್ಲಬೇ ಬಿಬಿಜಾನವ್ವ, ಸಮುದ್ರ ನೋಡ್ತೀನಂತ ಓಣೀ ತುಂಬ ಹೇಳ್ಕೊಂಡು ಬಂದಿದ್ದಿ. ನೀ ಯಾಕ ಹೊಂಟಿಲ್ಲ?"

"ಡಾಕ್ಟರು ಬ್ಯಾಡ ಅಂದಾರ," ಎಂದಳು ಬಿಬಿಜಾನ್.

"ಯಾವ ಡಾಕ್ಟರು? ಮಗ ಹೇಳಿದ್ದು ಕೇಳಿ ಕುಂತೀಯೇನು, ನೀನ ಹೋಗಿ ಕೇಳಬೇಕಿಲ್ಲ?"

"ಹೋಗಿದ್ದೆನಬೇ. ನಿನ್ನೆ ನಾನ ಹೋಗಿ ಕೇಳಿ ಬಂದೆ. ನನ್ನ ಮಾರಿ ಮುಂದನ ಅಂದ್ರು, ಅಜ್ಜಿ, ನೀ ದೂರ ಹೋಗಬ್ಯಾಡ ಅಂತ. ನನ್ನ ಮಗ ಯಾಕ ಸುಳ್ಳು ಹೇಳ್ತಾನ?"

ಅವಳ ಬೆರಳು ಎಲ್ಲೂ ತಡೆಯಲಿಲ್ಲ. ಗಂಟು ಹಾಕಿ, ಮೇಲೆ ಇನ್ನೊಂದು ಗಂಟು ಹಾಕಿದಳು. ನಿನ್ನೆ ಮಧ್ಯಾಹ್ನ ಕಂಡ ಶಟರು, ರಟ್ಟು, ಚಹಾದಂಗಡಿಯವನ ಊಟಿ, ಎಲ್ಲ ನಾಸೀರನ ಕಣ್ಣ ಮುಂದೆ ಬಂದು ನಿಂತವು. ಮುಖ ಎತ್ತಿ ತಾಯಿಯನ್ನು ನೋಡಬೇಕು, ಈಗಲೇ ನೋಡಬೇಕು ಎಂದುಕೊಂಡು ತನ್ನ ತೋಳಿನ ಗಂಟನ್ನೇ ನೋಡುತ್ತ ನಿಂತ. ಅವಳಿಗೆ ಗೊತ್ತು. ಮುಚ್ಚಿದ ಬಾಗಿಲ ಮುಂದೆ ಹೋಗಿ ನಿಂತು ಬಂದಿದ್ದಾಳೋ, ಅಥವಾ ಮನೆಯಿಂದ ಏಳಲೇ ಇಲ್ಲವೋ, ಅಂತೂ ಶನಿವಾರ ಸಂಜೆ ಚಪ್ಪಲಿ ಬಿಡುತ್ತ ಅವನು ಬಾಯಿ ತೆರೆದಾಗಲೇ ಅವಳಿಗೆ ಗೊತ್ತಿತ್ತು. ಅವನ ಸುಳ್ಳಿನಲ್ಲಿ ಎಲ್ಲಿ ಹೊಲಿಗೆ ಬಿಟ್ಟಿತ್ತೋ ಅಲ್ಲಿ ಅವಳೇ ಒಂದು ಹೊಲಿಗೆ ಹಾಕಿಕೊಟ್ಟಳು, ಓಣಿಯ ಮಂದಿಯ ಎದುರಿಗೆ. ಗ್ಯಾನಮ್ಮ, "ಹೌದಾ? ಹಂಗಾದ್ರ ಬ್ಯಾಡ ಬಿಡು," ಎಂದು ಕಸಬರಿಗೆ ಬಗಲಿಗೆ ಸೇರಿಸಿದಳು. ಬಿಬಿಜಾನ್ ಒಳಗೆ ಹೋಗಿ ಮಡಿಚಿದ ಹಾಸೊಂದನ್ನು ತಂದು ಮಗನ ಕೈಗಿತ್ತಳು. "ಪರ್ವೇಜ್ ಕಾರಿಕೊಂಡ್ರ ಬೈಬ್ಯಾಡ್ರಿ, ಕೆಳಗ ಹಾಸ್ರಿ. ಮಂದೀ ಗಾಡಿ, ಹೊಲಸು ಆಗಬಾರದು. ಹೋಗಿ ಬರ್ರಿ, ಖುದಾ ಹಾಫಿಜ್."

ಲಿಂಗಸುಗೂರಿನಲ್ಲಿ ನಿಶಾತಳ ತವರಿನಲ್ಲಿ ನಾಷ್ಟಾ ಮಾಡಿ ಮುಂದೆ ಹೋಗುವುದೆಂದು ಮೊದಲೇ ಆಗಿತ್ತು. ಹಾಗಾಗಿ ವ್ಯಾನು ಮಸ್ಕಿಯ ರಸ್ತೆ ಹಿಡಿಯಿತು. ಮುಂದಿನ ಸೀಟಿನಲ್ಲಿ ನಾಸೀರ್ ಹಾಸನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದ. ಮೇಲೆ ತಾಯಿಯ ಹಳೆಯ ಸೀರೆಯ ಮೆತ್ತನೆ ಪದರಗಳು, ಕೆಳಗೆ ಯೂರಿಯಾ ಚೀಲ, ಒಳಗೆ ಪ್ಲಾಸ್ಟಿಕ್ಕು. ಸುತ್ತಲೂ ಕೌದಿಯ ಹೊಲಿಗೆ. ಬಿಚ್ಚಿ ನೋಡುವುದು ಬೇಕಿರಲಿಲ್ಲ; ಇಪ್ಪತ್ತು ವರ್ಷ ಸೀಟು ಹೊಲಿದ ಕೈಗೆ ಮಡಿಕೆಯ ಮೇಲೆಯೇ ಅಳತೆ ಸಿಕ್ಕಿತ್ತು. ಅದು ಆರು ವರ್ಷದ ಹುಡುಗನ ಅಳತೆಯಲ್ಲ. ಶನಿವಾರ ಅಂಗಡಿಯಲ್ಲಿ ಎರಡು ಕೈ ಅಗಲಿಸಿ ತೋರಿಸಿದ್ದಳಲ್ಲ, ಅಷ್ಟೇ ಅಗಲವಿತ್ತು. ರಸ್ತೆಯ ಅಂಚಿಗೆ ಬೇಸಿಗೆ ಬೆಳೆಯ ಭತ್ತ ಹರವಿದ್ದರು. ಹೆಂಗಸರು ತಲೆಗೆ ಬಟ್ಟೆ ಸುತ್ತಿಕೊಂಡು ಕಾಲಿನಿಂದ ಭತ್ತ ತಿರುವುತ್ತಿದ್ದರು. ಅವತ್ತಿನಂತೆಯೇ ಒಂದು ಮರೆಯೂ ಇರಲಿಲ್ಲ.

"ನಿಲ್ಲಿಸು ವೆಂಕೋಬ," ಎಂದ. ದನಿ ಬೇಕಾದ್ದಕ್ಕಿಂತ ಜೋರಾಗಿತ್ತು.

ವೆಂಕೋಬ ಪಕ್ಕಕ್ಕೆ ತೆಗೆದು ನಿಲ್ಲಿಸಿದ. ನಾಸೀರ್ ಇಳಿದು ಭತ್ತ ತುಳಿಯದಂತೆ ಅಂಚಿಗೆ ಹೋಗಿ ನಿಂತ. ಮಾಡುವುದಕ್ಕೆ ಏನೂ ಇರಲಿಲ್ಲ. ನಿಲ್ಲಿಸುವುದು ಇಷ್ಟು ಸುಲಭವಿತ್ತೇ ಎಂದು ಮಾತ್ರ ಎನಿಸಿತು. ಎರಡು ಶಬ್ದ. ವಾಪಸು ಹೋಗಬಹುದು, ಸಿಂಧನೂರು ಇನ್ನೂ ಬೆನ್ನ ಹಿಂದೆಯೇ ಇದೆ, ಅವಳು ಅಂಗಳವನ್ನೂ ಗುಡಿಸಿ ಮುಗಿಸಿರಲಿಕ್ಕಿಲ್ಲ. ಆದರೆ ಕಟ್ಟಿದ ಮೇಲೆ ತಿರುಗಬಾರದು ಎಂದಿದ್ದಾಳೆ. ಆ ಮಾತಿನ ಹಿಂದೆ ಅವಿತುಕೊಳ್ಳುವುದು ತನಗೆ ಎಷ್ಟು ಅನುಕೂಲವಾಗಿದೆ ಎಂಬುದೂ ಅವನಿಗೆ ತಿಳಿಯಿತು. ತಿಳಿದೂ ಬಂದು ವ್ಯಾನು ಹತ್ತಿದ. ಪರ್ವೇಜ್ ಅಷ್ಟರಲ್ಲಿ ಮುಂದಿನ ಸೀಟಿಗೆ ನುಸುಳಿ ಕೂತಿದ್ದ. "ಇರ್ಲಿ ಬಿಡು," ಎಂದು ನಾಸೀರ್ ಹಿಂದೆ ಶಾಜಿಯಾಳ ಪಕ್ಕ ಹೋದ. ಹಾಸನ್ನು ಬಿಚ್ಚಿ, ಕಿಟಕಿಯ ಪಕ್ಕದ ಮೆತ್ತನೆಯ ಜಾಗದಲ್ಲಿ ಕೂತಿದ್ದ ಅವಳ ಪಕ್ಕದಲ್ಲಿ ಹಾಸಿ, ಅದರ ಮೇಲೆ ಕೂತ. ಚೀಲ ಚರಪರ ಎಂದಿತು.

ನಿಶಾತ್ ಮುಂದಿನ ಸಾಲಿನಿಂದ ತಿರುಗಿ, "ಆರಾಮಿಲ್ಲೇನ್ರಿ?" ಎಂದಳು. ಇದ್ದೀನಿ ಎಂದ. ಶಾಜಿಯಾ ಹಾಸಿನ ಅಂಚನ್ನು ಬೆರಳಲ್ಲಿ ಹಿಡಿದು ನೋಡುತ್ತಿದ್ದಳು.

"ಅಬ್ಬಾ, ಇದು ಪರ್ವೇಜ್‌ಂದಲ್ಲ," ಎಂದಳು ಸಣ್ಣಗೆ. "ದಾದಿ ತನಗಂತ ಹೊಲಕೊಂಡಿದ್ದು. ದಾರ ನಾನ ಪೋಣಿಸಿ ಕೊಟ್ಟೀನಿ. ಇದಿದ್ರ ನಿಮ್ಮಪ್ಪಗ ತ್ರಾಸ ಆಗೂದಿಲ್ಲ, ಕರ್ಕೊಂಡು ಹೋಗ್ತಾನ ಅಂದಿದ್ಲು."

"ಗೊತ್ತವ್ವಾ."

"ಗೊತ್ತಿತ್ತಾ?"

ಶಾಜಿಯಾ ಅಂಚನ್ನು ಬಿಟ್ಟಳು. ತನ್ನ ತೋಳಿನ ಹಸಿರು ಪಟ್ಟಿಯನ್ನು ಸರಿಮಾಡಿಕೊಂಡು, ಅವನಿಂದ ಒಂದಿಷ್ಟು ದೂರ ಸರಿದು, ಕಿಟಕಿಯ ಕಡೆ ಮುಖ ಮಾಡಿ ಕೂತಳು.